ವಾಸವಿರುವವರು: ಎರಡು

ಎರಡು ಅಂತ ಹೊಡೆಯಬೇಕಿತ್ತು. ಶಿವಯೋಗಿಯ ಬೆರಳು ಕಂಪ್ಯೂಟರಿನ ಕೀಲಿಯ ಮೇಲೆಯೇ ನಿಂತಿತು.

ನಲವತ್ತೇಳನೇ ಫಾರಂ. ಭದ್ರಾವತಿ, ನ್ಯೂ ಟೌನ್. ಯಜಮಾನರ ಹೆಸರು ಷಣ್ಮುಖಪ್ಪ, ವಯಸ್ಸು ಐವತ್ತೇಳು, ಕಾರ್ಖಾನೆ ನೌಕರಿ. ಹೆಂಡತಿ ಜಗದಾಂಬಾ, ಐವತ್ತು. ಮಗಳು ಒಬ್ಬಳು, ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ. ಗಂಡು ಮಕ್ಕಳು ಎಂಬಲ್ಲಿ ಒಂದು ಸಣ್ಣ ಗೆರೆ. ಮನೆಯಲ್ಲಿ ವಾಸವಿರುವವರು: ಎರಡು.

ಅದು ಅವನ ಮನೆ. ಬೆಳಗ್ಗೆ ಅಲ್ಲಿಯೇ ರೊಟ್ಟಿ ತಿಂದು, ಏಳೂವರೆಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದಿದ್ದ.

"ಯಾಕ್ರೀ ನಿಲ್ಸಿದ್ರಿ?" ಹಿಂದಿನಿಂದ ಲಕ್ಷ್ಮೀಕಾಂತ ಮೇಷ್ಟ್ರು. "ಫಾರಂನಲ್ಲಿ ಏನಿದೆಯೋ ಅದನ್ನ ಹೊಡೀರಿ. ನಿಮ್ಮ ಸ್ವಂತದ್ದು ಸೇರಿಸ್ಬೇಡಿ."

"ಹೂಂ ಸರ್."

ಎರಡು ಹೊಡೆದ.

ಬೆಟ್ಟ, ನದಿ, ಮಾರುತಗಳನ್ನು ಓದಬಹುದೆಂದು ಎಂ.ಎ. ಭೂಗೋಳಕ್ಕೆ ಸೇರಿದವನಿಗೆ ಮೊದಲ ಮೂರು ತಿಂಗಳೂ ಸರಾಸರಿ, ಮಾನಕ ವಿಚಲನೆ, ಮತ್ತು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ. ಚಪ್ಪಲಿ ಹೊರಗೆ ಬಿಟ್ಟು ಒಳಬರಬೇಕಾದ ಕೋಣೆಯಲ್ಲಿ ನಾಲ್ಕು ಕಂಪ್ಯೂಟರು, ಇಪ್ಪತ್ತೆರಡು ಜನ. ವಿದ್ಯಾರ್ಥಿಗಳೇ ಮನೆಮನೆ ತಿರುಗಿ ತುಂಬಿಸಿ ತಂದ ನೂರ ಇಪ್ಪತ್ತು ಫಾರಂಗಳನ್ನು ಸಂಖ್ಯೆಗಳಾಗಿಸುವುದು ಈ ವಾರದ ಪಾಠ. ಗಂಡಿಗೆ ಒಂದು, ಹೆಣ್ಣಿಗೆ ಎರಡು. ಉತ್ತರ ಸಿಗದಿದ್ದರೆ ತೊಂಬತ್ತೊಂಬತ್ತು. ಗೆರೆ ಎಳೆದಿದ್ದರೆ ಸೊನ್ನೆ.

ಕೈಬರಹ ಶಾಂಭವಿಯದು. ಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದ ಅವಳ ಮುಖದಲ್ಲಿ ಏನೂ ಇರಲಿಲ್ಲ. ಬೇಕೆಂದೇ ಬರೆದಳೇ? ಆದರೆ ಅದು ಅವನ ಮನೆಯೆಂದು ಅವಳಿಗೆ ತಿಳಿಯುವುದು ಹೇಗೆ? ಮೊದಲ ದಿನ ಯಾರೋ ಊರು ಕೇಳಿದಾಗ, ಇಲ್ಲೇ ದುರ್ಗಿಗುಡಿ, ಸೋದರಮಾವನ ಮನೆ ಎಂದಿದ್ದ. ಯಾಕೆ ಹಾಗೆಂದನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಪ್ರತಿ ಸಂಜೆ ಎಲ್ಲರೂ ಹೋಗುವವರೆಗೆ ಕಾದು ಬಸ್ ಸ್ಟ್ಯಾಂಡಿಗೆ ನಡೆಯಬೇಕಾಯಿತು. ಸಮೀಕ್ಷೆಗೂ ಬೇರೆ ಬೀದಿ ಕೇಳಿ ಪಡೆದಿದ್ದ.

ಮಧ್ಯಾಹ್ನ ಜಗಲಿಯಲ್ಲಿ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿದ:

"ನಲವತ್ತೇಳನೇ ಮನೆಗೆ ನೀವೇ ಹೋಗಿದ್ರಾ?"

"ಹೂಂ. ಯಾಕೆ?"

"ಒಳಗೆ ಹೋಗಿದ್ರಾ ಅಂತ."

ಶಾಂಭವಿ ತಲೆಯೆತ್ತಿದಳು. "ಮರದ ಕೆಳಗೆ ಕೂತು ತುಂಬ್ಸಿದೀನಿ ಅಂತಾನಾ ನಿಮ್ಮ ಅನುಮಾನ?"

"ಹಾಗಲ್ಲ. ಮಕ್ಕಳ ಕಾಲಂ..."

"ಯಜಮಾನ್ರೇ ಹೇಳಿದ್ದು. ಇಬ್ರೇನಾ ಅಂತ ಎರಡು ಸಲ ಕೇಳ್ದೆ. ಇಬ್ರೇ ಅಂದ್ರು. ಅವರ ಹೆಂಡ್ತಿ ಒಳಗಿಂದ ಏನೋ ಅಂದ್ರು."

"ಏನಂದ್ರು?"

"ಕೇಳಿಸ್ಲಿಲ್ಲ." ಅವಳು ಅವನನ್ನೇ ನೋಡಿದಳು. "ನಿಮ್ಗೆ ಅವರು ಪರಿಚಯನಾ?"

"ಇಲ್ಲ."

ಎಷ್ಟು ಸಲೀಸಾಗಿ ಬಂತು.

ಊಟಕ್ಕೆ ಹೋಗದೆ ಕೋಣೆಗೆ ಮರಳಿದ. ಉಳಿದ ಫಾರಂಗಳನ್ನೂ ಹೊಡೆದು ಮುಗಿಸಿ ಪ್ರೋಗ್ರಾಂ ಓಡಿಸಿದ. ಒಂದು ಮನೆಗೆ ಸರಾಸರಿ ಜನ: 4.291667. ನಲವತ್ತೇಳನೆಯದಕ್ಕೆ ಹೋಗಿ ಎರಡನ್ನು ಅಳಿಸಿ ಮೂರು ಮಾಡಿದ. 4.3. ಬಾಲವೆಲ್ಲ ಉದುರಿ ಸಂಖ್ಯೆ ಶುದ್ಧವಾಗಿ ನಿಂತಿತು. ಕ್ಷಣಕಾಲ ಅವನಿಗೆ ತಾನು ಎಲ್ಲಿಗೋ ಸೇರಿದವನಂತೆ ಅನಿಸಿತು.

"ಸರ್, ಒಂದು ಮನೇಲಿ ಒಬ್ಬ ಬಿಟ್ಟುಹೋಗಿದ್ರೆ?"

ಊಟ ಮುಗಿಸಿ ಬಂದ ಮೇಷ್ಟ್ರು ಎರಡು ಉತ್ತರಗಳನ್ನೂ ನೋಡಿದರು. "ಒಂದು ದಶಮಾಂಶ ಸಾಕು ಅಂದಿದೀನಲ್ಲ. ಎರಡೂ ನಾಲ್ಕು ಪಾಯಿಂಟ್ ಮೂರೇ. ಒಬ್ಬ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ, ಬಿಡಿ ಮಾರಾಯ್ರೆ."

ಅವನು ಮೂರನ್ನು ಮತ್ತೆ ಎರಡು ಮಾಡಿ ಫ್ಲಾಪಿಗೆ ಇಳಿಸಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಮೀಕ್ಷೆಯ ಭಾನುವಾರ ನೆನಪಾಯಿತು. ನಾಲ್ಕೈದು ಜನರ ಜೊತೆ ಅವನು ತನ್ನದೇ ಗೇಟಿನ ಮುಂದೆ ಹಾದುಹೋಗಬೇಕಾಗಿ ಬಂದಿತ್ತು. ಅಪ್ಪ ಬನಿಯನ್ನಿನಲ್ಲಿ ನಿಂತಿದ್ದರು. ಇವನನ್ನು ಕಂಡು ಅವರ ಕೈ ಅರ್ಧ ಮೇಲೆದ್ದಿತು. ಇವನು ಕೈಯಲ್ಲಿದ್ದ ಫಾರಂ ಓದತೊಡಗಿದ. ಮೇಲೆದ್ದ ಕೈಯಿಂದ ಅಪ್ಪ ತಲೆ ಕೆರೆದುಕೊಂಡರು.

ಶಾಂಭವಿ ಆ ಮನೆಗೆ ಹೋದದ್ದು ಅದಕ್ಕೆ ಮೊದಲೋ, ಆಮೇಲೋ? ಆಮೇಲಾದರೆ ಅದು ಸಿಟ್ಟು, ಸಿಟ್ಟು ಇಳಿಯಬಹುದು. ಮೊದಲೇ ಆಗಿದ್ದರೆ?

ಫಾರಂನಲ್ಲಿ ಗಂಟೆಯ ಕಾಲಂ ಇರಲಿಲ್ಲ.

ಮನೆಯಲ್ಲಿ ಅಪ್ಪ ಮೊದಲ ಪಾಳಿ ಮುಗಿಸಿ ಬಂದು ಪೇಪರ್ ಹಿಡಿದಿದ್ದರು.

"ಅವತ್ತು ಭಾನುವಾರ ಸರ್ವೆಯವರು ಬಂದಿದ್ರಾ ಅಪ್ಪಾಜಿ?"

"ಒಬ್ಳು ಹುಡುಗಿ ಬಂದಿದ್ಳು."

"ಏನ್ ಕೇಳಿದ್ಳು?"

"ನಿಂಗೇ ಗೊತ್ತಿರ್ಬೇಕಲ್ಲ."

"ಮನೇಲಿ ಎಷ್ಟು ಜನ ಅಂದ್ರಿ?"

ಪುಟ ತಿರುಗಿತು. "ಇರೋಷ್ಟು."

"ಎಷ್ಟೊತ್ತಿಗೆ ಬಂದಿದ್ಳು?"

"ನಾನೇನು ಗಡಿಯಾರ ನೋಡ್ಕೊಂಡು ಕೂತಿದ್ನಾ?"

ಅಡುಗೆಮನೆಗೆ ಹೋದ. ಅಮ್ಮ ಬೆನ್ನು ತಿರುಗಿಸಿ ನಿಂತು ಹಾಲು ಕಾಯಿಸುತ್ತಿದ್ದಳು.

"ಆ ಹುಡುಗಿ ಬಂದಾಗ ನೀನು ಒಳಗಿಂದ ಏನೋ ಅಂದ್ಯಂತೆ?"

"ಯಾವ ಹುಡುಗಿ?"

"ಸರ್ವೆಯವಳು. ಅಪ್ಪಾಜಿ ಇಬ್ರೇ ಅಂದಾಗ."

ಅಮ್ಮ ಉಕ್ಕುತ್ತಿದ್ದ ಹಾಲನ್ನು ಊದಿದಳು. "ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳಿರ್ಬೇಕು ಕಣೋ."

ಅಷ್ಟರಲ್ಲಿ ಕರೆಂಟು ಹೋಯಿತು. ಅಮ್ಮ ಬೆಂಕಿಪೊಟ್ಟಣಕ್ಕೆ ತಡಕಾಡುತ್ತಿದ್ದಂತೆ ಅವನು ಹೊರಗೆ ಬಂದ. ಬೀದಿಯುದ್ದಕ್ಕೂ ಕತ್ತಲು. ತಲೆ ತಗ್ಗಿಸಿ ನಡೆದ. ಒಂದು ತಿರುವು, ಇನ್ನೊಂದು ತಿರುವು. ಅಪ್ಪನಿಗೆ ನೇರವಾಗಿ ಕೇಳಿಬಿಡಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡು ಹಿಂತಿರುಗಿದ. ಗೇಟು ತಳ್ಳಿ, ಮೂರು ಮೆಟ್ಟಿಲು ಹತ್ತಿ, ಓರೆಯಾಗಿದ್ದ ಬಾಗಿಲು ಸರಿಸಿ ಒಳಗೆ ಕಾಲಿಟ್ಟ.

ಒಳಗೆ ಮೀನಿನ ಸಾರಿನ ವಾಸನೆ. ಅವನ ಮನೆಯಲ್ಲಿ ಎಂದೂ ಮೀನು ಬೇಯಿಸಿದವರಿಲ್ಲ. ಕಾರ್ಖಾನೆಯ ಎಲ್ಲ ಕ್ವಾರ್ಟರ್ಸೂ ಒಂದೇ ಅಳತೆಯವು, ಕತ್ತಲಲ್ಲಿ ಬೀದಿ ತಪ್ಪಿದ್ದ.

"ಬಂದ್ಯೇನೋ?" ಕತ್ತಲಲ್ಲಿ ಯಾರೋ ಮುದುಕಿ. "ಎಷ್ಟೊತ್ತೋ ನಿಂದು. ಚಿಲಕ ಹಾಕ್ಕೊಂಡು ಬಾ, ಸೊಳ್ಳೆ ನುಗ್ತವೆ."

ಕ್ಷಮಿಸಿ ಎಂದು ಹೇಳಿ ಇಳಿದುಹೋಗಬಹುದಿತ್ತು. ಬಾಗಿಲು ಇನ್ನೂ ಕೈಯಲ್ಲಿತ್ತು.

ಅವನು ಒಳಗಿನಿಂದ ಮೆಲ್ಲನೆ ಚಿಲಕ ಹಾಕಿದ. ಮುಖ ಕಾಣದ ಆ ಕೋಣೆಯಲ್ಲಿ ಉಸಿರು ಬಿಗಿಹಿಡಿದು, ಕರೆಂಟು ಬರದಿರಲಿ ಎಂದುಕೊಳ್ಳುತ್ತ, ನಿಂತ.