ಉಸಿರಿನ ಮಾಸ್ಕಿಗೆ ಹಮಾಲನ ಗಂಟು

ಕಾಶೀರಾಮನ ಗೊರಕೆ ಬೀದರ್‌ನ ಆ ಓಣಿಗೆಲ್ಲ ಗೊತ್ತಿತ್ತು. ಎದುರು ಮನೆಯ ಕಿರಾಣಿ ಅಂಗಡಿ ಹಾವಗೆಪ್ಪ ಬೆಳಿಗ್ಗೆ ಕದ ತೆಗೆಯುತ್ತಲೇ ಕೇಳುತ್ತಿದ್ದ:

"ಏನಪ್ಪಾ ಕಾಶೀರಾಮ, ರಾತ್ರಿಯೆಲ್ಲ ನಿಮ್ಮನ್ಯಾಗ ಟ್ರ್ಯಾಕ್ಟರ್ ಚಾಲೂ ಇತ್ತಲ್ಲ, ಎಷ್ಟು ಎಕರೆ ಹೊಡದಿ?"

ಓಣಿ ನಗುತ್ತಿತ್ತು. ಕಾಶೀರಾಮನೂ ನಗುತ್ತಿದ್ದ. ನಗದವಳು ಅವನ ಹೆಂಡತಿ ಶೇವಂತಾಬಾಯಿ ಒಬ್ಬಳೇ. ಗೊರಕೆ ಕೇಳುವಾಗ ಅವಳಿಗೆ ಭಯವಿರಲಿಲ್ಲ. ಅದು ನಿಂತಾಗ ಭಯ. ಥಟ್ಟನೆ ನಿಲ್ಲುತ್ತಿತ್ತು. ಎದೆ ಏಳುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಅವನ ಮೂಗಿನ ಹತ್ತಿರ ಅಂಗೈ ಹಿಡಿದು ಕೂರುತ್ತಿದ್ದಳು. ಅಂಗೈಗೆ ಏನೂ ತಾಗುತ್ತಿರಲಿಲ್ಲ. ಆಮೇಲೆ ನೀರಲ್ಲಿ ಮುಳುಗಿದವನು ಮೇಲೆ ಬಂದಂತೆ ಅವನು ಏದುಸಿರು ಎಳೆದಾಗಲೇ ಅವಳಿಗೂ ಉಸಿರು.

ಔರಾದ್ ತಾಲ್ಲೂಕಿನ ಸಂತಪುರದಲ್ಲಿ ಕಾಶೀರಾಮನ ಅಣ್ಣನೂ ಹೀಗೇ ಗೊರಕೆ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಏಳಲಿಲ್ಲ. "ನಿದ್ದ್ಯಾಗ ಹೋದ, ಪುಣ್ಯವಂತ" ಎಂದರು ಜನ. ನಲವತ್ತೆಂಟು ವರ್ಷದ ಗಟ್ಟಿಮುಟ್ಟಾದ ಆಳು ಯಾಕೆ ಸತ್ತ ಎಂದು ಒಬ್ಬರೂ ಕೇಳಲಿಲ್ಲ. ಬಡವ ಸತ್ತರೆ ಕಾರಣ ಹುಡುಕುವ ಕಷ್ಟ ಯಾರಿಗೆ ಬೇಕು? ಪುಣ್ಯ ಎಂದುಬಿಟ್ಟರೆ ಮುಗಿಯಿತು.

ಕಾಶೀರಾಮ ಬೀದರ್ ಪಕ್ಕದ ಕೊಳಾರದ ಗೋದಾಮೊಂದರಲ್ಲಿ ಹಮಾಲ. ಲಾರಿಗೆ ಚೀಲ ಏರಿಸಿ ಹಗ್ಗ ಬಿಗಿಯುವ ಕೆಲಸ. ಅವನು ಹಾಕಿದ ಗಂಟು ಹೈದರಾಬಾದ್ ಮುಟ್ಟುವವರೆಗೂ ಸಡಿಲುವುದಿಲ್ಲ ಎಂಬ ಹೆಸರಿತ್ತು. ಇತ್ತೀಚೆಗೆ ಮಾತ್ರ ಚೀಲ ಹೊತ್ತು ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. "ಕುಡದು ಬಂದೀಯೇನಲೇ?" ಎಂದು ಹಮಾಲರ ಮೇಲ್ವಿಚಾರಕ ಮುಕಾದಮ ಎಲ್ಲರೆದುರು ಬೈದ. ಜೀವನದಲ್ಲಿ ಹನಿ ಮುಟ್ಟದ ಮನುಷ್ಯ ಆ ಮಾತು ನುಂಗಿ ಮನೆಗೆ ಬಂದ. ಮರುದಿನವೇ ಶೇವಂತಾಬಾಯಿ ಅವನನ್ನು ದವಾಖಾನೆಗೆ ಕರೆದೊಯ್ದಳು.

ಮೈಗೆ ವೈರು ಹಚ್ಚಿ ಒಂದು ರಾತ್ರಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿ ಉಸಿರು ನಿಲ್ಲುವ ಕಾಯಿಲೆ. ಸ್ಲೀಪ್ ಆಪ್ನಿಯಾ ಎಂದು ಹೆಸರು. ಮೂಗು ಬಾಯಿ ಎರಡನ್ನೂ ಮುಚ್ಚುವ ಒಂದು ಮಾಸ್ಕ್, ಅದಕ್ಕೆ ಕೊಳವೆಯಿಂದ ಗಾಳಿ ಊದುವ ಮಷಿನ್, ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಪುಸ್ತಕ ಕೊಟ್ಟು ಕಳಿಸಿದರು. ಆ ಪುಸ್ತಕ ಓದಬಲ್ಲವರು ಆ ಮನೆಯಲ್ಲಿ ಇಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಮಾಸ್ಕ್ ನಿಲ್ಲಲಿಲ್ಲ. ಮಗ್ಗುಲು ತಿರುಗಿದರೆ ಜಾರುತ್ತಿತ್ತು. ಗಾಳಿ ಕಣ್ಣಿಗೆ ಊದುತ್ತಿತ್ತು. ಬೆಳಿಗ್ಗೆ ನೋಡಿದರೆ ದಿಂಬಿನ ಕೆಳಗೆ.

"ಭಾಲ್ಕ್ಯಾಗ ನಮ್ಮ ಬೀಗರು ಇಂಥದ್ದೇ ತಂದು ಮೂಲ್ಯಾಗ ಒಗದಾರ" ಎಂದ ಹಾವಗೆಪ್ಪ. "ಇವೆಲ್ಲ ದೊಡ್ಡ ಮಂದಿ ಚಟ. ಚೀಲ ಹೊರೋ ನಿನಗ್ಯಾಕ?"

"ಡಾಕ್ಟರ್ ಹೇಳ್ಯಾರ. ಖರೆ ನಿಲ್ಲೋದೇ ಇಲ್ಲಲ್ಲೋ."

"ಲಾರಿ ಲೋಡ್ ಹೈದ್ರಾಬಾದ್ ತನಕ ನಿಲ್ಲಸ್ತಿ, ಅಂಗೈಯಷ್ಟು ರಬ್ಬರ್ ನಿಲ್ಲಸಲಿಕ್ಕಿ ಬರಲ್ಲ? ಬಿಗಿ! ಎಲ್ಲಿ ಗಾಳಿ ಸೋರತದ ಅಲ್ಲಿ ಮುಚ್ಚು!"

ಕಾಶೀರಾಮನಿಗೆ ಸರಿ ಅನಿಸಿತು. ಆ ರಾತ್ರಿ ಮಾಸ್ಕಿನ ಪಟ್ಟಿಯ ಮೇಲೆ ನೈಲಾನ್ ದಾರ ಸುತ್ತಿ, ತಲೆಯ ಹಿಂದೆ ಎಳೆದು, ತನ್ನ ಕೈಗೆ ಬರುವ ಗಂಟನ್ನೇ ಹಾಕಿದ. ಮಾಸ್ಕಿನ ಮುಂಭಾಗದ ಸಣ್ಣ ತೂತುಗಳಿಂದ ಗಾಳಿ ಹೋಗುತ್ತಿತ್ತು. ಅವಕ್ಕೂ ಟೇಪ್ ಅಂಟಿಸಿದ. "ಈಗ ಹ್ಯಾಂಗ ಬಿಚ್ಚತದ ನೋಡೇ ಬಿಡ್ತೇನಿ" ಎಂದು ಮಲಗಿದ.

ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಮಷಿನ್ ನಿಂತಿತು.

ಶೇವಂತಾಬಾಯಿಗೆ ಎಚ್ಚರವಾದದ್ದು ಅವನ ಕಾಲಿನ ಒದೆತಕ್ಕೆ. ಮೊಬೈಲ್ ಬೆಳಕು ಹಿಡಿದಳು. ಅವನ ಕಣ್ಣುಗಳು ಹೊರಬಂದಂತಿದ್ದವು. ಎರಡೂ ಕೈಯಿಂದ ಮಾಸ್ಕ್ ಎಳೆಯುತ್ತಿದ್ದ. ಕೂಗು ರಬ್ಬರಿನ ಒಳಗೇ ಉಳಿದಿತ್ತು. ಅವಳು ಗಂಟಿಗೆ ಉಗುರು ಹಾಕಿದಳು, ಹಲ್ಲು ಹಾಕಿದಳು. ಬಿಚ್ಚಲಿಲ್ಲ. ಅಡುಗೆಮನೆಗೆ ಓಡಿ ಚಾಕು ತಂದು ಅವನ ಕಿವಿಯ ಪಕ್ಕ ತೂರಿಸಿ ದಾರ ಕೊಯ್ದಳು. ಕಿವಿಯೂ ಕೊಯ್ದುಹೋಯಿತು. ಮಾಸ್ಕ್ ಬಿತ್ತು. ಗಾಳಿ ನುಗ್ಗಿದ ಆ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

"ಇದನ್ನ ತಿಪ್ಪಿಗಿ ಒಗಿ" ಎಂದ, ಮಾತು ಬಂದ ಮೇಲೆ. "ಇನ್ನ ಹಾಕ್ಕೊಳಲ್ಲ. ಸತ್ತರ ಹಂಗೇ ನಿದ್ದ್ಯಾಗ ಸಾಯ್ತೇನಿ."

ಅವಳಿಗೆ ಹಾಕಿದರೂ ಭಯ, ಬಿಟ್ಟರೂ ಭಯ. ಬೆಳಕು ಹರಿಯುತ್ತಲೇ ಅಕ್ಕನ ಮಗಳು ಕರುಣಾಗೆ ಫೋನ್ ಹಚ್ಚಿದಳು. ಕರುಣಾ ಭಾಲ್ಕಿಯಲ್ಲಿ ನರ್ಸ್. ಮಧ್ಯಾಹ್ನದ ಬಸ್ಸಿಗೆ ಬಂದಳು. ಮಾಸ್ಕ್ ಕೈಗೆತ್ತಿಕೊಂಡು ಹಾಗೇ ನೆಲಕ್ಕೆ ಕೂತಳು.

"ಕಾಕಾ, ಈ ತೂತು ಯಾರ್ ಮುಚ್ಚಿದ್ರಿ?"

"ನಾನೇ. ಸೋರತಿತ್ತು."

"ಅದು ಸೋರೋದಲ್ರಿ. ನೀವು ಬಿಟ್ಟ ಉಸಿರು ಹೊರಗ ಹೋಗೋ ಬಾಗಲ ಅದು. ಮುಚ್ಚಿದ್ರ ಬಿಟ್ಟದ್ದೇ ತಿರಗಿ ಒಳಗ ಹೋಗತದ. ಅದರ ಮ್ಯಾಲ ಗಂಟು ಬ್ಯಾರೆ! ಇದರೊಳಗ ವಾಂತಿ ಬಂದಿದ್ರ?"

ಬಾಗಿಲಲ್ಲಿ ನಿಂತಿದ್ದ ಹಾವಗೆಪ್ಪ ಕೆಮ್ಮಿದ. "ಸಡಲ ಬಿಟ್ಟರ ಬೀಳತದ, ಬಿಗದ್ರ ಕೊಲ್ಲತದ. ಮತ್ತ ಇದೆಂಥಾ ದವಾ ತಂಗೀ?"

"ಬಿಗದಷ್ಟೂ ಜಾಸ್ತಿ ಸೋರತದ ಹಾವಗೆಪ್ಪ ಕಾಕಾ. ಮೆತ್ತನ ರಬ್ಬರ್ ಮುದುಡಿ ಸಂದಿ ಬೀಳತದ. ಮನಷ್ಯಾರ ಮುಖ ಅದ ಇದು, ಜ್ವಾಳದ ಚೀಲ ಅಲ್ಲ."

ಟೇಪ್ ಕಿತ್ತು, ಮಾಸ್ಕನ್ನು ಸೋಪಿನ ನೀರಲ್ಲಿ ತೊಳೆದು ಒರೆಸಿದಳು. ದಿನಾ ತೊಳೆಯಬೇಕು ಎಂದಳು. ಕಾಶೀರಾಮ ದಿನಾ ಮಲಗುವಾಗ ಮುಖಕ್ಕೆ ಕೊಬ್ಬರಿಎಣ್ಣೆ ಸವರುತ್ತಾನೆಂದು ಶೇವಂತಾಬಾಯಿ ಹೇಳಿದಾಗ ಕರುಣಾ ಹಣೆ ಬಡಿದುಕೊಂಡಳು. "ಎಣ್ಣಿ ಮ್ಯಾಲ ರಬ್ಬರ್ ಹ್ಯಾಂಗ ನಿಲ್ಲತದ ಮೌಶಿ?" ಅವನು ಮುಖ ತೊಳೆದು, ಗಡ್ಡದ ಕೂಳೆ ಕೆರೆದು ಬಂದ. ಆದರೆ ಮಾಸ್ಕ್ ನೋಡಿ ಹಿಂದೆ ಸರಿದ. ನೂರು ಕಿಲೋ ಚೀಲಕ್ಕೆ ಬಗ್ಗದವನು ಗೋಡೆಗೆ ಆತು ನಿಂತ.

"ಹಗಲದ. ನಾ ಇದ್ದೇನಿ. ಮಲಗ್ರಿ. ಕೂತಾಗಿನ ಗಲ್ಲ ಮಲಗಿದಾಗ ಇರಲ್ಲ, ಅದಕ್ಕೇ ಮಲಗೇ ಹೊಂದಸಬೇಕು."

ಮಷಿನ್ ಚಾಲೂ ಮಾಡಿದಳು. ಮಾಸ್ಕನ್ನು ಮುಖದಿಂದ ತುಸು ಎತ್ತಿ, ಗಾಳಿಗೆ ರಬ್ಬರ್ ಉಬ್ಬಿದ ಮೇಲೆ ಮೆಲ್ಲಗೆ ಕೂರಿಸಿದಳು. ಎರಡೂ ಕಡೆಯ ಪಟ್ಟಿಯನ್ನು ಒಂದೇ ಸಮ ಎಳೆದು, ಅದರ ಕೆಳಗೆ ತನ್ನ ಬೆರಳು ಹೋಗುತ್ತದೆಯೇ ನೋಡಿದಳು. ಮಗ್ಗುಲು ತಿರುಗಿದರೆ ಜಗ್ಗದಂತೆ ಕೊಳವೆಯನ್ನು ತಲೆಯ ಮೇಲಿನಿಂದ ತಂದಳು. ಅವನನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಮಾಸ್ಕ್ ಅಲ್ಲೇ ಇತ್ತು. ಪಟ್ಟಿ ಕಳಚುವ ಕ್ಲಿಪ್ ಎಲ್ಲಿದೆ ಎಂದು ಅವನ ಬೆರಳಿಗೆ ಮುಟ್ಟಿಸಿ ತೋರಿಸಿದಳು.

ಆಮೇಲೆ ಹೇಳದೆ ಕೇಳದೆ, ಕರೆಂಟ್ ಹೋದಂತೆ, ಸ್ವಿಚ್ ಆರಿಸಿದಳು.

ಕಾಶೀರಾಮನ ಮೈ ಸೆಟೆಯಿತು. ಶೇವಂತಾಬಾಯಿ ಚೀರಿದಳು. "ಕ್ಲಿಪ್ ಒತ್ರಿ ಕಾಕಾ, ಪಟ್ಟಿ ಮ್ಯಾಲಿನ ಕ್ಲಿಪ್!" ಅವನ ಬೆರಳು ತಡಕಾಡಿ ಒತ್ತಿತು. ಟಕ್ ಎಂದಿತು. ಮಾಸ್ಕ್ ಕಳಚಿತು. ಕಾಶೀರಾಮ ಬೆವರು ಒರೆಸಿಕೊಂಡು ಸೂರು ನೋಡಿದ.

"ಇನ್ನೊಮ್ಮಿ" ಎಂದ ತಾನೇ.

ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ, ಹತ್ತು ಸಲ ಬಿಚ್ಚಿದ. ಹಾವಗೆಪ್ಪ ಮೆಲ್ಲಗೆ ಕೇಳಿದ: "ಇಷ್ಟಾದ್ರೂ ಸೋರಿದ್ರ ಏನ್ ಮಾಡಬೇಕು? ಬೀಗರಿಗಿ ಹೇಳಬೇಕಲ್ಲ."

"ಸೈಜ್ ತಪ್ಪಿರತದ. ಇಲ್ಲಂದ್ರ ರಬ್ಬರ್ ಹಳೇದಾಗಿರತದ. ದವಾಖಾನಿಗಿ ಹೋಗಿ ಬದಲಿ ಕೇಳ್ರಿ, ಹಾಕೋದು ಕಲಸ್ರಿ ಅನ್ರಿ. ಬೇಡೋದಲ್ಲ ಅದು, ಹಕ್ಕದ."

ಅಂದು ರಾತ್ರಿ ಶೇವಂತಾಬಾಯಿ ಗೋಡೆಗೊರಗಿ ಕೂತಳು. ನಡುರಾತ್ರಿ ಮಾಸ್ಕ್ ಒಮ್ಮೆ ಸರಿಯಿತು. ಕಾಶೀರಾಮ ಎಚ್ಚೆತ್ತು ತಾನೇ ಎತ್ತಿ ಕೂರಿಸಿ ಮಲಗಿದ. ಅವಳಿಗೆ ನೆನಪಿದ್ದದ್ದು ಅಷ್ಟೇ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ತಾನು ನಿದ್ದೆ ಹೋದೆನೆಂದು ತಿಳಿದು ಗಕ್ಕನೆ ಎದ್ದಳು. ತಿರುಗಿ ನೋಡಿದಳು. ಅವನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ಮನೆಯಲ್ಲಿ ಯಾರದಾದರೂ ಗೊರಕೆ ನಿಂತು ನಿಂತು ಬರುತ್ತಿದ್ದರೆ ನಗಬೇಡಿ, ಪರೀಕ್ಷೆ ಮಾಡಿಸಿ. ದುಡಿದು ದಣಿದವನಿಗೂ ಬೆಳಗಿನವರೆಗೆ ಉಸಿರಾಡುವ ಹಕ್ಕಿದೆ. ಮಾಸ್ಕ್ ಕೊಟ್ಟಿದ್ದರೆ ದಾರ ಕಟ್ಟಬೇಡಿ, ತೂತು ಮುಚ್ಚಬೇಡಿ, ಬೇಸತ್ತು ಮೂಲೆಗೂ ಎಸೆಯಬೇಡಿ. ಇವತ್ತೇ, ಹಗಲಲ್ಲೇ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಲಗಿ ಹಾಕಿ ನೋಡಿ. ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಬಿಚ್ಚಿ ನೋಡಿ. ಬಿಚ್ಚಲು ಬಾರದಂತೆ ಹಾಕಿದ ಮಾಸ್ಕ್ ಹಾಕಿದ ಲೆಕ್ಕವೇ ಅಲ್ಲ.