ದಾಟಿಸದ ಮಾತು

ಈಗ ಹೇಳಿಬಿಡಲೇ, ಬೇಡವೇ? ಹೇಳಿದರೆ ಭಾವ ನಂಬುತ್ತಾರೆಯೇ? ನಂಬಿದರೂ, ಇಷ್ಟು ವರ್ಷ ಬಾಯಲ್ಲಿ ಏನಿಟ್ಟುಕೊಂಡಿದ್ದೆ ಎಂದು ಕೇಳದೆ ಬಿಡುತ್ತಾರೆಯೇ? ಅದೆಲ್ಲ ಹಾಗಿರಲಿ, ಹೇಳುವ ಮನಸ್ಸಾದರೂ ತನಗೆ ಇದೆಯೇ? ದುಭಾಷಿ ಸೋಫಾದ ತುದಿಯಲ್ಲಿ ಕೂತು ಚಹಾವನ್ನು ಚಮಚದಿಂದ ತಿರುಗಿಸುತ್ತಲೇ ಇದ್ದ. ಸಕ್ಕರೆ ಎಂದೋ ಕರಗಿತ್ತು.

‘ಏನಯ್ಯಾ ಗಿಣಿ, ಕಪ್ಪಿನಲ್ಲೇ ಕಡಲು ಕಡೀತಿದ್ದೀಯಾ?’ ಎಂದರು ಭಾವ.

ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು. ಅಣ್ಣ ಏನಂದರೂ ಅವಳಿಗೆ ನಗು. ಗಿಣಿ ಎಂಬ ಹೆಸರು ಮದುವೆಯಾದ ವಾರವೇ ಬಿದ್ದದ್ದು. ಒಬ್ಬರು ಆಡಿದ್ದನ್ನು ಇನ್ನೊಬ್ಬರಿಗೆ ತಿರುಗಿ ಆಡುವವನು ಗಿಣಿಯಲ್ಲದೆ ಇನ್ನೇನು? ಅವನೂ ನಕ್ಕಿದ್ದ. ಆಮೇಲೆ ನಗುವುದು ಅಭ್ಯಾಸವಾಯಿತು.

ಭಾವ ದೇಶದೇಶಗಳ ಜಗಳ ಬಿಡಿಸುವ ಸಂಸ್ಥೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಅದರ ಮೇಲೊಂದು ದಪ್ಪ ಪುಸ್ತಕ ಬರೆದು ಹೆಸರು ಮಾಡಿದವರು. ಈಗ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸ್ವಂತ ದೇಶದ ಚುನಾವಣೆಗೆ ನಿಂತಿದ್ದರು. ಬೀದಿಯ ಗೋಡೆಗಳ ಮೇಲೆಲ್ಲ ಅವರ ಮುಖ, ಕೆಳಗೆ ‘ನೇರ ಮಾತಿನ ಮನುಷ್ಯ’ ಎಂಬ ಸಾಲು. ಆ ಸಾಲು ಕಂಡಾಗಲೆಲ್ಲ ದುಭಾಷಿ ಮುಖ ತಿರುಗಿಸಿ ನಡೆಯುತ್ತಿದ್ದ.

‘ಮಧ್ಯಾಹ್ನ ಬಸ್ ಡಿಪೊದಲ್ಲಿ ಭಾಷಣ. ಚಾಲಕರು ಮುಷ್ಕರ ಹೂಡಿದಾರೆ, ಕಾದ ಹಂಚಿನ ಹಾಗಿದಾರೆ. ಪಕ್ಷದೋರು ಸಕ್ಕರೆ ಹಾಕಿ ಮಾತಾಡಿ ಅಂತಾರೆ. ನಂಗದು ಬರಲ್ಲ. ಅವತ್ತು ಆ ಜನರಲ್‌ಗೆ ಮುಖಕ್ಕೆ ಹೊಡೆದ ಹಾಗೆ ಅಂದ್ನಲ್ಲ, ಹಾಗೇ ಅಂದ್ರೆ ಹೇಗೆ? ಪಕ್ಕದಲ್ಲೇ ಇದ್ದೋನು ನೀನು. ನೀನೇ ಹೇಳು.’

ಪಕ್ಕದಲ್ಲೇ ಇದ್ದದ್ದು ನಿಜ. ಪರದೆ ಎಳೆದ ಕೋಣೆ, ಉದ್ದನೆಯ ಮೇಜು, ಸೆರೆಯಾಳುಗಳ ಬಿಡುಗಡೆಯ ಮಾತುಕತೆ. ಎರಡೂ ಭಾಷೆ ಬಲ್ಲವನು ಅಲ್ಲಿ ಅವನೊಬ್ಬನೇ. ದುಭಾಷಿ ‘ಅವರು ಹೀಗೆನ್ನುತ್ತಾರೆ’ ಎನ್ನುವಂತಿಲ್ಲ. ಆಡಿದವರ ‘ನಾನು’ ಅವನ ಬಾಯಲ್ಲೂ ‘ನಾನು’ ಆಗಬೇಕು, ಅದು ಆ ಕೆಲಸದ ಕಟ್ಟಳೆ. ಭಾವ ಮೇಜು ಗುದ್ದಿ ಹೇಳಿದ್ದು ಇಷ್ಟು: ‘ನಿಮಗೆ ಶಾಂತಿ ಬೇಕಿಲ್ಲ, ಹೆಣ ಎಣಿಸುವ ಚಟ ಹತ್ತಿದೆ. ನಾಚಿಕೆಯಾಗಬೇಕು ನಿಮಗೆ.’ ದುಭಾಷಿ ಜನರಲ್‌ನತ್ತ ತಿರುಗಿದ. ಆಮೇಲೆ ಅದೇ ದನಿಯಲ್ಲಿ, ಬೇರೆಯದನ್ನೇ ಹೇಳಿದ: ‘ಸೆರೆಯಲ್ಲಿರುವವರ ತಾಯಂದಿರು ಎರಡೂ ಕಡೆ ಕಾಯುತ್ತಿದ್ದಾರೆ. ಅವರಿಗೆ ಏನು ಹೇಳಬೇಕೋ ನನಗೆ ತಿಳಿಯದು.’ ಜನರಲ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. ಮರುದಿನ ಸಹಿ ಹಾಕಿದ.

ತಮ್ಮ ಬೈಗುಳ ನಾಟಿತೆಂದೇ ಭಾವ ನಂಬಿದರು. ಪುಸ್ತಕದಲ್ಲಿ ಅದಕ್ಕೊಂದು ಇಡೀ ಅಧ್ಯಾಯ. ದುಭಾಷಿಯ ಸುದ್ದಿ ಒಂದೇ ವಾಕ್ಯ: ‘ನನ್ನ ಮಾತುಗಳನ್ನು ಚಾಚೂ ತಪ್ಪದೆ ಅನುವಾದಿಸಲಾಯಿತು.’ ಆ ವಾಕ್ಯವನ್ನು ಅವನು ಎಷ್ಟೋ ಸಲ ಓದಿದ್ದ. ಅದರಲ್ಲಿ ಅವನ ಹೆಸರಿರಲಿ, ಒಬ್ಬ ಮನುಷ್ಯನೇ ಇರಲಿಲ್ಲ.

ಈಗ ಬಾಯಿ ಬಿಟ್ಟರೆ ಭಾವ ಮಾತು ಮೆತ್ತಗೆ ಮಾಡಿ ಉಳಿದುಕೊಳ್ಳುತ್ತಾರೆ. ಸುಮ್ಮನಿದ್ದರೆ ಡಿಪೊದಲ್ಲಿ ಮಧ್ಯೆ ತಡೆಯುವವರಿಲ್ಲ. ಆಡಿದ ಮಾತು ಆಡಿದಂತೆಯೇ ಹೋಗಿ ಬಡಿಯುತ್ತದೆ. ಬೀಳಲಿ, ಒಂದು ಸಲವಾದರೂ ಬೀಳಲಿ.

‘ಹಾಗೇ ಮಾತಾಡಿ ಭಾವ,’ ಎಂದ. ‘ಅದೇ ನಿಮಗೆ ಒಪ್ಪೋದು.’

ಡಿಪೊದ ಶೆಡ್ಡಿನಲ್ಲಿ ಗ್ರೀಸಿನ ವಾಸನೆ. ಚಾಲಕರು ಟೈರುಗಳ ಮೇಲೆ, ಬಸ್ಸಿನ ಮೆಟ್ಟಿಲ ಮೇಲೆ, ಕೈಕಟ್ಟಿ ಕೂತಿದ್ದರು. ಭಾವ ಮೈಕು ಹಿಡಿದವರೇ ಶುರುಮಾಡಿದರು.

‘ನಿಮ್ಮ ಸಿಟ್ಟು ಮಾಲೀಕರ ಮೇಲೆ. ಬಿಸಿಲಲ್ಲಿ ನಿಂತಿರೋದು ಯಾರು? ಆಸ್ಪತ್ರೆಗೆ ಹೋಗೋ ಮುದುಕಿ! ನಾಚಿಕೆ ಆಗಲ್ವಾ ನಿಮಗೆ?’

ಚಾಲಕರ ಕಟ್ಟಿದ ಕೈಗಳು ಬಿಚ್ಚಿಕೊಂಡವು. ಹಿಂದಿನ ಸಾಲಿನಲ್ಲಿದ್ದ ದುಭಾಷಿಯ ತುಟಿ ಹಳೆಯ ಚಾಳಿಗೆ ತಾನಾಗಿ ಅಲುಗಿತು: ನಿಮ್ಮ ಕಷ್ಟ ನನಗೆ ಗೊತ್ತು, ಆದರೆ… ಕೇಳುವವರು ಯಾರೂ ಇರಲಿಲ್ಲ. ಅವನು ತುಟಿ ಕಚ್ಚಿಕೊಂಡು, ಮೊದಲ ಕೂಗಿಗೆ ಕಾದ.

ಮುಂದಿದ್ದ ನರೆಗಡ್ಡದ ಚಾಲಕನೊಬ್ಬ ಎದ್ದ.

‘ಆಗತ್ತೆ ಸಾರ್! ನಾಚಿಕೆ ಆಗತ್ತೆ. ಆದ್ರೆ ಇಲ್ಲೀವರೆಗೆ ಬಂದೋರೆಲ್ಲ ಬೆಣ್ಣೆ ಹಚ್ಚಿ ಕಾರು ಹತ್ತಿದ್ರು. ಮನೆಯೋರ ಹಾಗೆ ಬೈದೋರು ನೀವೊಬ್ರೇ. ಬೈದಾಯ್ತಲ್ಲ, ಈಗ ಆ ಮಾಲೀಕನ್ನೂ ಹೀಗೇ ಬೈತೀರಾ?’

‘ಇದಕ್ಕಿಂತ ಜೋರಾಗಿ!’ ಎಂದರು ಭಾವ.

ಒಬ್ಬ ನಕ್ಕ. ನಗು ಟೈರಿಂದ ಟೈರಿಗೆ ಉರುಳಿತು, ಆಮೇಲೆ ಚಪ್ಪಾಳೆ, ಆಮೇಲೆ ಯಾರೋ ಬಸ್ಸಿಗೆ ಹತ್ತಿ ಹಾರ್ನ್ ಒತ್ತಿದರು.

ಆ ಗದ್ದಲದ ನಡುವೆ ದುಭಾಷಿ ಪರದೆ ಎಳೆದ ಆ ಕೋಣೆಯನ್ನು ನೆನೆದ. ಹಾಗಾದರೆ ಅಂದು ಕೂಡ? ಇದ್ದದ್ದನ್ನು ಇದ್ದಂತೆ ದಾಟಿಸಿದ್ದರೂ ಆ ಜನರಲ್ ಸಹಿ ಹಾಕುತ್ತಿದ್ದನೇನೋ. ಹಾಕುತ್ತಿರಲಿಲ್ಲ ಎಂದು ಇನ್ನು ಯಾರು ಹೇಳಬೇಕು? ಜಗತ್ತಿನಲ್ಲಿ ತನ್ನದು ಅಂತ ಅವನಿಗಿದ್ದದ್ದು ಆ ಒಂದು ಗುಟ್ಟು. ಅದೂ ಸವೆದ ನಾಣ್ಯದಂತೆ ಕೈಯಲ್ಲಿ ಹಗುರವಾಯಿತು.

ಕಾರಿನಲ್ಲಿ ಭಾವ ಅವನ ಹೆಗಲು ಅದುಮಿದರು. ‘ಗಿಣಿ, ಇವತ್ತು ನೀನು ನಿನ್ನ ಸ್ವಂತ ಮಾತು ಆಡಿದೆ ಕಣೋ. ಅದೇ ನನ್ನ ಕಾಪಾಡಿತು.’

ಮನೆಯಲ್ಲಿ ಹೆಂಡತಿ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದಳು: ‘ನಮ್ಮೋರು ಧೈರ್ಯ ಹೇಳಿದ್ದಕ್ಕೇ ಅಕ್ಕಾ, ಅಣ್ಣ ಹಾಗೆ ಮಾತಾಡಿದ್ದು!’ ಹೇಳುತ್ತಲೇ ಅವನ ಕಡೆ ತಿರುಗಿ ನೋಡಿದಳು. ಅಣ್ಣನಿಗಷ್ಟೇ ಮೀಸಲಾಗಿದ್ದ ನೋಟ ಅದು. ಅದಕ್ಕಾಗಿ ಅವನು ಮದುವೆಯಾದಂದಿನಿಂದ ಕಾದಿದ್ದ. ಈಗ ಕಣ್ಣೆತ್ತಿ ಅದನ್ನು ಎದುರಿಸಲಾಗದೆ, ಬಗ್ಗಿ ಚಪ್ಪಲಿ ಬಿಚ್ಚತೊಡಗಿದ.

ಅಂದು ಭಾವನ ಮಾತನ್ನು ಜನರಲ್‌ಗೆ ದಾಟಿಸಲೇ ಇಲ್ಲವೆಂದೂ, ಇಂದು ಅವರು ಬೀಳಲಿ ಎಂದೇ ಹಾಗೆ ಹೇಳಿದೆನೆಂದೂ ಅವನು ಯಾರಿಗೂ ಹೇಳಲಿಲ್ಲ.