ಬಿದ್ದ ಫೋನ್ ಎತ್ತಿಕೊಂಡವನು

ಮುಂಬೈಯಲ್ಲಿ ನೆಲೆಸಿದ ನಮ್ಮ ವಿಜಯಪುರದ ಕಡೆಯ ಮಂದಿಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು: ಊರು. ಮಗನಿಗೆ ಕಾಮಾಲೆಯಾದರೆ ಊರು, ಮಗಳಿಗೆ ಗಂಡು ಬೇಕಾದರೆ ಊರು, ಮಗ ಪೊಲೀಸರ ಕೈಗೆ ಸಿಕ್ಕರಂತೂ ಮರುಮಾತಿಲ್ಲದೆ ಊರು. ಭಾಂಡುಪಿನ ಚಾಳಿನಲ್ಲಿರುವ ರುದ್ರವ್ವನೂ ಇದೇ ಮದ್ದನ್ನು ನೆಚ್ಚಿಕೊಂಡಿದ್ದಳು. ಹದಿನೈದು ವರ್ಷದ ಮಗ ಸಂತುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿಯಾಗಿತ್ತು. ಗಂಡ ಶಂಕ್ರೆಪ್ಪ ಸಂಜೆಯ ಇಂಡಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದ. ಆದರೆ ಮರುದಿನ ಬೆಳಿಗ್ಗೆ ಸಂತು ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರಾಗಬೇಕಿತ್ತು.

ನಡೆದದ್ದು ಇಷ್ಟು. ಒಂದು ತಿಂಗಳ ಹಿಂದೆ ಚೇತನ ಎಂಬ ಹುಡುಗ ರೈಲು ಹಳಿಯ ಪಕ್ಕ ನಿಂತು, ಲೋಕಲ್ ರೈಲಿನ ಬಾಗಿಲಲ್ಲಿದ್ದ ಹೆಂಗಸೊಬ್ಬಳ ಕೈಗೆ ಕೋಲಿನಿಂದ ಹೊಡೆದ. ಅವಳ ಫೋನ್ ಕೆಳಗೆ ಬಿತ್ತು. ಅವನ ಜೊತೆಗಿದ್ದ ಸಂತು ಅದನ್ನು ಎತ್ತಿಕೊಂಡು ಓಡಿದ, ಇಬ್ಬರೂ ಸಿಕ್ಕಿಬಿದ್ದರು. ಮಂಡಳಿಯವರು ಸಂತುವನ್ನು ಜಾಮೀನಿನ ಮೇಲೆ ಮನೆಗೆ ಕಳಿಸಿದ್ದರು.

ರುದ್ರವ್ವ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು. ಆ ಮಧ್ಯಾಹ್ನವೂ ಬಡಿಯುತ್ತಿದ್ದಾಗ ಮೇಲಿನ ಮಹಡಿಯ ಶಿವಕುಮಾರಿ ಬಂದಳು. ಇಂಥ ಹುಡುಗರ ಮನೆಯವರ ಜೊತೆ ಮಂಡಳಿಗೆ ಹೋಗಿಬರುವ ಸಂಸ್ಥೆಯೊಂದರಲ್ಲಿ ಅವಳ ಕೆಲಸ. ಮೊದಲು ಅವಳ ಕಣ್ಣಿಗೆ ಬಿದ್ದದ್ದೇ ಆ ಚೀಲ.

"ಯಾರು ಊರಿಗೆ ಹೊಂಟಾರ, ರುದ್ರಕ್ಕ?"

"ಸಂತು. ದೀಪಾವಳಿ ಮಟಾ ಅವರ ಕಾಕಾನ ಮನ್ಯಾಗ ಇರ್ತಾನ. ಅಷ್ಟರಾಗ ಎಲ್ಲಾ ಥಂಡಾ ಆಗ್ತೈತಿ."

"ನಾಳೆ ತಾರೀಖ್ ಐತಲ್ಲ! ಹೋಗದಿದ್ರ ಜಾಮೀನು ರದ್ದಾಗಬಹುದು. ಪೊಲೀಸ್ರು ಹುಡುಕ್ಕೊಂಡು ಊರಿಗೇ ಬರ್ತಾರ."

"ಹೋದ್ರ ಜೇಲಿಗೆ ಹಾಕ್ತಾರಲ್ಲವ್ವಾ!"

"ಯಾರು ಹೇಳಿದ್ರು? ಹದಿನೆಂಟು ತುಂಬದ ಹುಡುಗರನ್ನ ಜೇಲಿಗೂ ಹಾಕಂಗಿಲ್ಲ, ಲಾಕಪ್ಪಿಗೂ ಹಾಕಂಗಿಲ್ಲ. ವಕೀಲರನ್ನ ಪುಕ್ಕಟೆ ಕೊಡ್ತಾರ. ಇಂಥಾ ಕೇಸಿನಾಗ ಹೆಚ್ಚಾಗಿ ಬುದ್ಧಿ ಹೇಳ್ತಾರ, ಕೌನ್ಸೆಲಿಂಗಿಗೆ ಕಳಿಸ್ತಾರ, ಸಮಾಜಸೇವಾ ಮಾಡಸ್ತಾರ."

"ಅಂವ ಹೊಡದೇ ಇಲ್ಲವ್ವಾ. ಬಿದ್ದದ್ದು ಎತ್ತಿಕೊಂಡಾನ, ಅಷ್ಟ."

ಈ ಮಾತನ್ನು ರುದ್ರವ್ವ ತಿಂಗಳಿಡೀ ಚಾಳಿನವರಿಗೆಲ್ಲ ಹೇಳಿದ್ದಳು, ಫೋನಿನಲ್ಲಿ ಅತ್ತೆಗೂ ಹೇಳಿದ್ದಳು, ದೇವರಿಗಂತೂ ದಿನಕ್ಕೆರಡು ಸಲ ಒಪ್ಪಿಸುತ್ತಿದ್ದಳು. ಕೇಳಿ ಕೇಳಿ ಸಂತುವಿಗೂ ಬಾಯಿಪಾಠವಾಗಿತ್ತು.

"ಹಾಂ ಆಂಟಿ, ಮೈನೇ ಮಾರಾ ನಹೀ," ಎಂದ ಅವನು ಮೂಲೆಯಿಂದ. "ನಾ ಹೊಡದಿಲ್ಲ, ಬರೇ ಎತ್ತಿದೆ. ಸಬ್ ಕರತೇ ಹೈ, ಎಲ್ಲಾರೂ ಮಾಡ್ತಾರ. ನನ್ನ ನಸೀಬ್ ಖರಾಬ್, ಸಿಕ್ಕಬಿದ್ದೆ."

ಶಿವಕುಮಾರಿ ಸಿಟ್ಟಾಗಲಿಲ್ಲ. "ಕೇಳಿದ್ರೇನು ಅಕ್ಕ? ಇವನ ತಲ್ಯಾಗ ತಪ್ಪು ಅಂದ್ರ ಸಿಕ್ಕಬೀಳೂದು. ಊರಿಗೆ ಕಳಿಸಿದ್ರ, ಹೌದು ಮಗನ, ನಿಂದ ಖರೆ ಅಂತ ನೀವ ಹೇಳಿದಂಗ." ಆಮೇಲೆ ಸಂತುವಿನ ಹತ್ತಿರ ಕೂತಳು. "ಫೋನಿಂದು ಬಿಡು. ಆಕೀ ಕೈ ಏನಾತು, ಗೊತ್ತೈತೇನು?"

"ಕೈ?"

"ಮಣಿಕಟ್ಟು ಮುರದೈತಿ. ಕೇಸಿನ ಕಾಗದದಾಗ ಐತಿ, ನಮ್ಮ ಸಂಸ್ಥೇದ ವಕೀಲರು ಓದಿ ಹೇಳಿದ್ರು. ಮೆಸ್ಸಿನಾಗ ಚಪಾತಿ ಲಟ್ಟಸೂ ಹೆಣಮಗಳು. ತಿಂಗಳಾತು, ಕೆಲಸಿಲ್ಲದ ಮನ್ಯಾಗ ಕೂತಾಳ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಸಂತು ಅವ್ವನ ಕೈಯನ್ನೇ ನೋಡಿದ. ಹಿಟ್ಟು ಮೆತ್ತಿದ ಆ ಕೈಯಿಂದಲೇ ಮನೆಯ ಅರ್ಧ ಖರ್ಚು ನಡೆಯುತ್ತಿತ್ತು. ರುದ್ರವ್ವನಿಗೆ ನೆಲ ಬಿರಿದು ನುಂಗಬಾರದೇ ಎನ್ನುವಷ್ಟು ನಾಚಿಕೆಯಾಯಿತು. ತನ್ನಂತೆಯೇ ದುಡಿದು ತಿನ್ನುವ ಆ ಹೆಂಗಸಿನ ಬಗ್ಗೆ ಅವಳು ಒಂದು ದಿನವೂ ಕೇಳಿರಲಿಲ್ಲ.

"ಎತ್ತಿಕೊಳ್ಳಾಕ ಕೆಳಗ ಯಾರೂ ಇರದಿದ್ರ ಚೇತನ ಹೊಡೀತಿದ್ನೇನು?" ಎಂದು ಶಿವಕುಮಾರಿ ಎದ್ದಳು. "ಈಗ ಹೇಳಬ್ಯಾಡ. ನಾಳಿ ಮಟಾ ವಿಚಾರ ಮಾಡು."

ಸಂಜೆ ಶಂಕ್ರೆಪ್ಪ ಬರುವಷ್ಟರಲ್ಲಿ ಚೀಲ ಖಾಲಿಯಾಗಿತ್ತು.

"ಬಸ್ಸಿಗೆ ಟೈಮ್ ಆತು. ಏನಿದು? ತಲಿ ಕೆಟ್ಟೈತೇನು ನಿನಗ?"

"ಇಷ್ಟು ದಿನ ಕೆಟ್ಟಿತ್ತು, ಇವತ್ತ ನೆಟ್ಟಗಾಗೈತಿ. ಹುಡುಗ ನಾಳೆ ಮಂಡಳಿಗೆ ಹೋಗ್ತಾನ. ನೀವೂ ರಜಾ ಹಾಕ್ರಿ." ರುದ್ರವ್ವ ಎಲ್ಲವನ್ನೂ ಹೇಳಿದಳು. ಟಿಕೆಟ್ ದಂಡವಾಯಿತೆಂದು ಶಂಕ್ರೆಪ್ಪ ಗೊಣಗಿದ. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಿ ತೊಟ್ಟು ನಿಂತವನು ಅವನೇ.

ಮಂಡಳಿಯಲ್ಲಿ ಕಟಕಟೆ ಇರಲಿಲ್ಲ, ಖಾಕಿ ಬಟ್ಟೆಯವರೂ ಇರಲಿಲ್ಲ. ಒಂದು ಮೇಜು, ಅದರ ಆಚೆ ಮೂವರು. ನಡುವಿನ ಮೇಡಂ, "ಏನಾಯಿತು, ನೀನೇ ಹೇಳು," ಎಂದು ಹಿಂದಿಯಲ್ಲಿ ಕೇಳಿದರು.

"ಮೈನೇ ಮಾರಾ ನಹೀ," ಎಂದ ಸಂತು. ಮತ್ತೆ ಅದೇ ಪಾಠ! ರುದ್ರವ್ವ ಗಂಡನ ಮುಖ ನೋಡಿದಳು.

ಹುಡುಗ ಅಲ್ಲಿಗೇ ನಿಲ್ಲಿಸಲಿಲ್ಲ. ನಿಧಾನವಾಗಿ, ತಡವರಿಸುತ್ತ ತನಗೆ ಬರುವ ಹಿಂದಿಯಲ್ಲೇ ಮುಂದುವರಿಸಿದ. ನಾನು ಹೊಡೆಯಲಿಲ್ಲ, ಆದರೆ ಎತ್ತಿಕೊಳ್ಳಲು ನಾನು ನಿಂತಿದ್ದೆ ಎಂದೇ ಚೇತನ ಹೊಡೆದ. ನಾನು ಇಲ್ಲದಿದ್ದರೆ ಆಂಟಿಯ ಕೈ ಮುರಿಯುತ್ತಿರಲಿಲ್ಲ. ನಾನು ಸಿಕ್ಕಿಬೀಳದೆ ಹೋಗಿದ್ದರೂ ಅದು ಮುರಿದೇ ಇರುತ್ತಿತ್ತು.

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಮಗನನ್ನು ಹೆತ್ತದ್ದಕ್ಕೆ ರುದ್ರವ್ವನಿಗೆ ಆ ತಿಂಗಳಲ್ಲಿ ಮೊದಲ ಬಾರಿ ಹೆಮ್ಮೆಯೆನಿಸಿತು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಡಳಿ ಆರು ತಿಂಗಳ ಕೌನ್ಸೆಲಿಂಗ್ ಮತ್ತು ವಾರಕ್ಕೊಂದು ದಿನದ ಸೇವೆಯನ್ನು ವಿಧಿಸಿತು. ಕ್ಷಮೆ ಕೇಳಬೇಕು ಎಂದ ಸಂತುವಿಗೆ, ಆ ಹೆಂಗಸು ಒಪ್ಪಿದರೆ ಮಾತ್ರ ಭೇಟಿ ಎಂದರು. ಅವನು ತಲೆಯಾಡಿಸಿದ.

ಅವ್ವಂದಿರೇ, ಅಪ್ಪಂದಿರೇ, ನಿಮ್ಮ ಹುಡುಗ ತಪ್ಪು ಮಾಡಿದರೆ ಬಚ್ಚಿಡಬೇಡಿ, ಬಡಿಯಲೂಬೇಡಿ. ಮಂಡಳಿಯ ತಾರೀಖು ತಪ್ಪಿಸಬೇಡಿ. ಪುಕ್ಕಟೆ ವಕೀಲರು ನಿಮ್ಮ ಹಕ್ಕು, ಕೇಳಿ ಪಡೆಯಿರಿ. ದಿಕ್ಕು ತೋಚದಿದ್ದರೆ 1098ಕ್ಕೆ ಫೋನ್ ಮಾಡಿ. ಮತ್ತೆ, ಇವತ್ತೇ ಅವನಿಗೆ ಊಟ ಬಡಿಸಿ, ಪಕ್ಕದಲ್ಲಿ ಕೂತು ಕೇಳಿ: "ನಿನ್ನಿಂದ ಯಾರಿಗೆ ನೋವಾಯಿತು, ಮಗಾ?" ಉತ್ತರ ಬರುವ ತನಕ ಎದ್ದು ಹೋಗಬೇಡಿ.